ಓರಗಿತ್ತಿಯ ಹುಳುಮನೆ

ಅಣ್ಣ ತಮ್ಮಂದಿರು ಪಾಲಾದ ದಿನ ನಮ್ಮತ್ತೆ ತಮ್ಮ ಟ್ರಂಕನ್ನು ತಾವೇ ಎತ್ತಿಕೊಂಡು ಓರಗಿತ್ತಿಯ ಮನೆಗೆ ನಡೆದುಬಿಟ್ಟರು. ಯಾರ ಮನೆಯಲ್ಲಿ ಇರುತ್ತೀರಿ ಎಂದು ಯಾರೂ ಕೇಳಿರಲಿಲ್ಲ. ಅವರೂ ಹೇಳಿರಲಿಲ್ಲ. ನಾನು ಹಿರಿಯ ಸೊಸೆ. ಶ್ರೀನಿವಾಸಪುರದಿಂದ ಬಂದು ಅಷ್ಟು ವರ್ಷ ಆ ಒಲೆಯ ಮುಂದೆ ಕೂತು ಮುದ್ದೆ ತೊಳಸಿದವಳು. ಓರಗಿತ್ತಿ ಮುಳಬಾಗಿಲಿನ ಕಡೆ, ದೇವರಾಯಸಮುದ್ರದವಳು. ಮದುವೆಯಾಗಿ ಬಂದು ಇನ್ನೂ ಮೂರನೇ ಕ್ರಿಸ್‌ಮಸ್ ಕಂಡಿರಲಿಲ್ಲ.

ಎಪ್ಪತ್ತರ ದಶಕದ ಕೊನೆ ಅದು. ಸುಗಟೂರಿನ ಹತ್ತಿರದ ಆ ಹಳ್ಳಿಯಲ್ಲಿ ಕ್ರೈಸ್ತರೆಂದರೆ ನಮ್ಮ ಎರಡು ಮನೆಗಳೇ. ಭಾನುವಾರ ಬಸ್ಸು ಹತ್ತಿ ಕೋಲಾರದ ಚರ್ಚಿಗೆ ಹೋಗುತ್ತಿದ್ದೆವು. ಅಲ್ಲಿ ಕೀರ್ತನೆ ಎತ್ತಿಕೊಡುತ್ತಿದ್ದವಳು ನಾನು. ಅವಳು ಬಂದ ಮೇಲೆ ಪಾದ್ರಿ ಅಯ್ಯನವರು ಆ ಕೆಲಸವನ್ನು ಅವಳಿಗೆ ಕೊಟ್ಟರು. ಅವಳು ಮೇಲಿನ ಸ್ವರಕ್ಕೆ ಹೋದಾಗಲೆಲ್ಲ ನಾನು ಕಿವಿಗೊಟ್ಟು ಕಾಯುತ್ತಿದ್ದೆ, ಎಲ್ಲಾದರೂ ಒಡೆಯುತ್ತದೇನೋ ಅಂತ. ಒಮ್ಮೆಯೂ ಒಡೆಯಲಿಲ್ಲ.

ನಮ್ಮೆಜಮಾನರು ಮಾಲೂರಿನ ಹೆಂಚಿನ ಕಾರ್ಖಾನೆಯಲ್ಲಿದ್ದರು. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಎಲ್ಲ ನನ್ನ ಮೇಲೆಯೇ. ಆ ಸಲ ನಾವಿಬ್ಬರೂ ಒಂದೇ ಕಡೆಯಿಂದ ಮೊಟ್ಟೆ ತಂದು ಹಂಚಿಕೊಂಡಿದ್ದೆವು. ಹುಳು ಸ್ವಲ್ಪ ದೊಡ್ಡವಾಗುವ ಹೊತ್ತಿಗೆ ನನ್ನವಕ್ಕೆ ಸುಣ್ಣಕಟ್ಟು ರೋಗ ಬಿತ್ತು. ತಟ್ಟೆ ತಟ್ಟೆಯೇ ಬೆಳ್ಳಗೆ ಸೆಟೆದು ಸೀಮೆಸುಣ್ಣದ ಚೂರುಗಳ ಹಾಗಾದವು. ಹಳ್ಳ ತೋಡಿ ಹೂತೆ. ಅವಳ ಹುಳು ಮಾತ್ರ ಬೆರಳು ಗಾತ್ರಕ್ಕೆ ಬಂದು, ಸೊಪ್ಪು ಹಾಕಿದರೆ ಮಳೆ ಹನಿದ ಸದ್ದು ಮಾಡಿಕೊಂಡು ತಿನ್ನುತ್ತಿದ್ದವು.

ಒಂದು ಮಧ್ಯಾಹ್ನ ನೋಡಿಬರೋಣವೆಂದು ಹೋದರೆ, ಅವಳು ಬಾಗಿಲಿಗೆ ಅಡ್ಡ ನಿಂತಳು.

"ಅಕ್ಕಾ, ತಪ್ಪು ತಿಳ್ಕೋಬೇಡ. ನಿಮ್ಮನೆ ರೋಗ ಇಲ್ಲಿಗೂ ಅಂಟಿಕೊಂಡ್ರೆ ಕಷ್ಟ. ಒಳಗೆ ಬರಬೇಡ."

ಅವಳು ಹೇಳಿದ್ದು ಸರಿಯೇ. ಆದರೆ ಒಳಗಿಂದ ಅತ್ತೆ ಸೇರಿಸಿದರು: "ಅವಳ ಕೈಗುಣವೇ ಅಷ್ಟು ಬಿಡೇ."

ಆ ರಾತ್ರಿಯೆಲ್ಲ ಅದೇ ಮಾತು ಎದೆಯಲ್ಲಿ ಕುಟ್ಟುತ್ತಿತ್ತು.

ಆ ವಾರದ ಭಾನುವಾರ ಬೆಳಿಗ್ಗೆ ಹಸುವಿಗೆ ಹುಲ್ಲು ಕುಯ್ಯಲು ಬದುವಿನ ಮೇಲೆ ಹೋಗಿದ್ದೆ. ಪಕ್ಕದ ಟೊಮ್ಯಾಟೊ ತೋಟದವನು ಬೆನ್ನಿಗೆ ಕ್ಯಾನು ಕಟ್ಟಿಕೊಂಡು ಔಷಧಿ ಹೊಡೆಯುತ್ತಿದ್ದ. ಗಾಳಿ ಓರಗಿತ್ತಿಯ ಹಿಪ್ಪುನೇರಳೆಯ ಕಡೆಗೆ ಬೀಸುತ್ತಿತ್ತು. ಆ ಘಾಟು ಬದುವಿನ ಮೇಲಿದ್ದ ನನ್ನ ಮೂಗಿಗೂ ಬಂತು. ನನ್ನ ಪಾಲಿನ ತೋಟ ದೂರದಲ್ಲಿ, ಬೇರೆ ದಿಕ್ಕಿನಲ್ಲಿತ್ತು. ಆ ವಾಸನೆ ಸೋಕಿದ ಸೊಪ್ಪು ತಿಂದರೆ ರೇಷ್ಮೆ ಹುಳು ಬದುಕುವುದಿಲ್ಲವೆಂದು ನಮ್ಮ ಕಡೆಯ ಮಕ್ಕಳಿಗೂ ಗೊತ್ತು. ಅವಳು ಬಿಸಿಲೇರಿದ ಮೇಲೆ ಅಲ್ಲಿಯೇ ಸೊಪ್ಪು ಬಿಡಿಸುವವಳು. ಹುಳು ಬಿಟ್ಟು ಬರಲಾಗದೆಂದು ಆ ವಾರ ಚರ್ಚಿಗೂ ಬರುವವಳಲ್ಲ.

ನಾನು ಏನೂ ಮಾಡಬೇಕಾಗಿರಲಿಲ್ಲ. ಸೀರೆ ಬದಲಾಯಿಸಿ, ಮಗಳ ಕೈ ಹಿಡಿದು ಬಸ್ಸು ಹತ್ತಿದರೆ ಸಾಕಿತ್ತು. ಹತ್ತಿದೆ.

ಬಸ್ಸಿನಲ್ಲಿ ನನಗೆ ನಾನೇ ಹೇಳಿಕೊಂಡೆ: ಒಳಗೆ ಬರಬೇಡ ಅಂದವಳು ಅವಳೇ ತಾನೇ? ಚರ್ಚಿನಲ್ಲಿ ಆ ದಿನ ಕೀರ್ತನೆ ಎತ್ತಿಕೊಡಲು ಅಯ್ಯನವರು ನನಗೇ ಹೇಳಿದರು. ಹಾಡಿದೆ, ಚೆನ್ನಾಗಿಯೇ ಹಾಡಿದೆ. ಆಮೇಲೆ ಎಲ್ಲರೂ ಕಣ್ಣು ಮುಚ್ಚಿ ಕರ್ತನು ಕಲಿಸಿದ ಪ್ರಾರ್ಥನೆ ಹೇಳುವಾಗ, ಶೋಧನೆ ಎಂಬ ಮಾತಿನ ಹತ್ತಿರ ನನ್ನ ನಾಲಿಗೆ ನಿಂತುಹೋಯಿತು. ಶೋಧನೆಯೆಂದರೆ ಪಾಪಕ್ಕೆ ಎಳೆಯುವ ಸಾರಾಯಿ, ಕಳ್ಳತನ, ಪರಗಂಡಸು, ಇಂಥವೇ ಎಂದುಕೊಂಡಿದ್ದೆ. ಒಳ್ಳೆಯ ಸೀರೆ ಉಟ್ಟು ಬೆಂಚಿನ ಮೇಲೆ ಸುಮ್ಮನೆ ಕೂತಿರುವುದೂ ಅದೇ ಆಗಬಹುದೆಂದು ಹೊಳೆದಿರಲಿಲ್ಲ. ಅಯ್ಯನವರು ಕರ್ತನ ಭೋಜನದ ರೊಟ್ಟಿ, ದ್ರಾಕ್ಷಾರಸದ ಮೇಲಿನ ಬಿಳಿ ಬಟ್ಟೆ ಸರಿಸುತ್ತಿದ್ದರು. ನಾನು ಮಗಳನ್ನು ಎತ್ತಿಕೊಂಡು ಹೊರಗೆ ಬಂದೆ.

ಬಸ್ಸಿರಲಿಲ್ಲ. ಖಾಲಿ ಕ್ಯಾನು ಹೇರಿಕೊಂಡು ಹೊರಟಿದ್ದ ಹಾಲಿನ ಲಾರಿಯವನು ಗುರುತಿನವನು, ಹತ್ತಿಸಿಕೊಂಡ. ದಾರಿಯುದ್ದಕ್ಕೂ ಎರಡು ಮನಸ್ಸು. ಬೇಗ ಹೋಗಲಿ ಅಂತ ಒಂದು, ಅಷ್ಟರಲ್ಲಿ ಎಲ್ಲ ಮುಗಿದುಹೋಗಿರಲಿ ಅಂತ ಇನ್ನೊಂದು.

ಮಗಳನ್ನು ಎತ್ತಿಕೊಂಡೇ ಲಾರಿ ಇಳಿದು ಓಡಿದೆ. ಅವಳ ಹುಳುಮನೆಯ ಬಾಗಿಲು ತೆರೆದಿತ್ತು, ಸೊಪ್ಪಿನ ಮಂಕರಿ ಪಕ್ಕದಲ್ಲಿತ್ತು. ಅವಳು ಎರಡನೇ ತಟ್ಟೆಗೆ ಸೊಪ್ಪು ಹರಡಲು ಕೈ ಎತ್ತಿದ್ದಳು. ನಾನು ಮಗಳನ್ನು ಹೊಸಿಲಲ್ಲಿ ಇಳಿಸಿ, ನುಗ್ಗಿ ಆ ಕೈ ಹಿಡಿದೆ.

"ಹಾಕ್ಬೇಡ ಕಣೇ! ಔಷಧಿ ಬಿದ್ದಿದೆ!"

"ಏಮಿ ಅಕ್ಕಾ ಇದಿ!" ಸಿಟ್ಟು ಬಂದರೆ ಅವಳಿಗೆ ತೆಲುಗೇ ಮೊದಲು ಬರುವುದು. "ಒಳಗೆ ಬರಬೇಡ ಅಂತ ಹೇಳಿದ್ನಲ್ಲ? ನಿಂದು ಹೋಯ್ತು ಅಂತ ನಂದೂ ಹೋಗ್ಬೇಕಾ? ಅಷ್ಟು ಹೊಟ್ಟೆಕಿಚ್ಚಾ ನಿಂಗೆ?"

ಅತ್ತೆ ಓಡಿಬಂದು, "ಲೇ, ಆಚೆಗೆ ನಡಿಯೇ! ಹುಳದ ಮೇಲೆ ನಿನ್ನ ಕಣ್ಣು ಬೀಳೋದು ಬೇಡ" ಎಂದು ನನ್ನ ರಟ್ಟೆ ಹಿಡಿದು ಎಳೆದರು.

ಹೊಟ್ಟೆಕಿಚ್ಚು ಹೌದು. ಹಾಗೆಂದು ಹೊರಗೆ ಹೋಗಲಿಲ್ಲ. ಮಂಕರಿಯನ್ನು ಎರಡೂ ಕೈಯಲ್ಲಿ ಅಪ್ಪಿಕೊಂಡು ನೆಲದ ಮೇಲೆ ಕೂತುಬಿಟ್ಟೆ. "ಆ ಮೊದಲನೇ ತಟ್ಟೆ ನೋಡ್ತಾ ಇರಿ. ಏನೂ ಆಗ್ಲಿಲ್ಲ ಅಂದ್ರೆ ನಾನು ಈ ಹೊಸಿಲು ಮತ್ತೆ ತುಳಿಯಲ್ಲ" ಎಂದೆ.

ಹೆಚ್ಚು ಹೊತ್ತು ಬೇಕಾಗಲಿಲ್ಲ. ಆ ತಟ್ಟೆಯ ಹುಳುಗಳು ತಲೆ ಎತ್ತಿ ಅತ್ತಿತ್ತ ತೂಗಾಡಿದವು, ಹಸಿರು ನೀರು ಕಾರಿದವು, ಮುರುಟಿಕೊಂಡು ಬಿದ್ದವು. ಓರಗಿತ್ತಿ ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಳು. ಅತ್ತೆ ನನ್ನ ರಟ್ಟೆ ಬಿಟ್ಟರು.

ಉಳಿದ ತಟ್ಟೆಗಳು ಹಸಿದಿದ್ದವು. ನನ್ನ ತೋಟದಲ್ಲಿ ತಿನ್ನುವ ಹುಳುವಿಲ್ಲದೆ ಸೊಪ್ಪು ಸೊಂಪಾಗಿ ನಿಂತಿತ್ತು. ಹೋಗಿ ಬಿಡಿಸೋಣ ಎಂದೆ. ಚರ್ಚಿನ ಸೀರೆಯಲ್ಲೇ ನಾನು, ಅವಳು, ಮೈದುನ ಸೇರಿ ಬಿಡಿಸಿದೆವು. ಸಾಲಿನ ನಡುವೆ ಅವಳು ತಲೆಯೆತ್ತದೆ ಕೇಳಿದಳು:

"ನಿಂಗೆ ಯಾವಾಗ ಗೊತ್ತಾಯ್ತಕ್ಕಾ?"

ಕೋಲಾರದಲ್ಲಿ ಯಾರೋ ಹೇಳಿದರು ಅನ್ನಬಹುದಿತ್ತು. ಅವಳು ನಂಬುತ್ತಿದ್ದಳು. ಅತ್ತೆಯ ಕಣ್ಣಿಗೂ ನಾನು ದೊಡ್ಡವಳಾಗುತ್ತಿದ್ದೆ. ಅಷ್ಟು ದೂರ ಓಡಿಬಂದವಳಿಗೆ ಅಷ್ಟಾದರೂ ಸಿಗಬಾರದೇ ಅನ್ನಿಸಿತು. ಆ ಸುಳ್ಳು ತುಟಿಯವರೆಗೆ ಬಂದಿತ್ತು.

"ಬೆಳಿಗ್ಗೇನೇ. ಬಸ್ಸು ಹತ್ತೋಕೆ ಮುಂಚೆ" ಎಂದೆ.

ಅವಳು ಸೊಪ್ಪು ಬಿಡಿಸುತ್ತಲೇ ಹೋದಳು. ಕೆಲವು ದಿನ ಸೊಪ್ಪಿಗೆಂದು ಬಂದಾಗಲೂ ಮುಖ ಕೊಡಲಿಲ್ಲ. ಆಮೇಲೊಂದು ಸಂಜೆ ಮಂಕರಿ ಕೆಳಗಿಟ್ಟು, "ನಾನಾಗಿದ್ರೆ ವಾಪಸ್ ಬರ್ತಿದ್ನೋ ಇಲ್ವೋ ಗೊತ್ತಿಲ್ಲಕ್ಕಾ" ಎಂದಳು. "ಗೂಡು ಬಿಡಿಸೋಕೆ ಬರ್ತೀಯಾ?"

ಹೋದೆ. ಅವಳ ಬೆಳೆ ಚೆನ್ನಾಗಿ ಬಂದಿತ್ತು. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳ ತುಂಬ ಹಳದಿ ಗೂಡು ಕಿಕ್ಕಿರಿದಿದ್ದವು, ಒತ್ತಿದರೆ ಬಗ್ಗದಷ್ಟು ಗಟ್ಟಿ. ಹಿಡಿ ಹಿಡಿಯಾಗಿ ಬಿಡಿಸಿ ಕುಕ್ಕೆಗೆ ಹಾಕುವಾಗ ಪ್ರತಿ ಹಿಡಿಯನ್ನೂ ಲೆಕ್ಕ ಹಾಕುತ್ತಿದ್ದೆ. ನನ್ನ ಸೊಪ್ಪು ತಿಂದು ಕಟ್ಟಿದ ಗೂಡು, ಅವಳ ಕುಕ್ಕೆಗೆ. ಆ ಭಾನುವಾರ ಆ ಕಿಚ್ಚು ಆರಿಹೋಯಿತೆಂದು ಹೇಳಿದರೆ ಸುಳ್ಳಾಗುತ್ತದೆ. ಅತ್ತೆ ನಮ್ಮಿಬ್ಬರಿಗೂ ಕಾಫಿ ತಂದಿಟ್ಟರು, ಮೊದಲ ಲೋಟ ಅವಳಿಗೇ ಕೊಟ್ಟರು. ನಾನು ಎರಡನೆಯದನ್ನು ಕುಡಿದು, ಸೆರಗು ಸಿಕ್ಕಿಸಿಕೊಂಡು, ಮುಂದಿನ ಚಂದ್ರಿಕೆಗೆ ಕೈ ಹಾಕಿದೆ.