ಕೆಮ್ಮಣ್ಣು ಕೊಟ್ಟ ಬೆಳಕು

ಮೊನ್ನೆ ಶುಕ್ರವಾರ ಹೆಂಡತಿ ಹೊಸ್ತಿಲಿಗೆ ಕೆಮ್ಮಣ್ಣು ಸಾರಿಸುತ್ತಿದ್ದಳು. ಆ ಹಸಿ ವಾಸನೆಗೆ ಗದ್ವಾಲದ ಮೇಡಮ್ಮೋರು ನೆನಪಾದರು…

ನಾನು ಮಕ್ತಲದಾಂವ. ಏಳನೇ ಇಯತ್ತೆಗೆ ಸಾಲಿ ಬಿಟ್ಟು ಲೇತ್ ಹಿಡಿದವನು. ಹೈದರಾಬಾದಿನ ಒಂದು ಪ್ರಯೋಗಶಾಲೆಯ ವರ್ಕ್‌ಶಾಪಿನಲ್ಲಿ ದುಡಿದೆ. ನಾನು ಕಡೆದ ಸಾಮಾನು ಒಂದೂ ವಾಪಸ್ ಬಂದದ್ದಿಲ್ಲ. ಮೇಡಮ್ಮೋರು ಅಲ್ಲಿ ವಿಜ್ಞಾನಿ. ನಾನು ತೆಲುಗಿನಲ್ಲಿ ಮಾತಾಡಿದರೂ ಕನ್ನಡದಲ್ಲೇ ಉತ್ತರ ಕೊಡುತ್ತಿದ್ದರು.

ಅವರದು ಕಬ್ಬಿಣ ಬೆರೆತ ಒಂದು ಪುಡಿ. ತಾನು ಖರ್ಚಾಗದೆ ಗ್ಯಾಸನ್ನು ಬೇರೆ ಪದಾರ್ಥ ಮಾಡುವ ವೇಗವರ್ಧಕ. ಅದಕ್ಕೆ ಎಕ್ಸ್‌ರೇ ಬಡಿದರೆ ಒಳಗಿನ ಕಬ್ಬಿಣ ಕಣ್ಣಿಗೆ ಕಾಣದ ಬೆಳಕು ಬಿಡುತ್ತದೆ. ಬಾಗಿದ ಹರಳಿನಿಂದ ಆ ಬೆಳಕನ್ನು ಹಿಡಿದರೆ, ಕೆಲಸ ಮಾಡುವಾಗ ಪುಡಿಯೊಳಗೆ ಏನಾಗುತ್ತದೆಂದು ತಿಳಿಯುತ್ತದಂತೆ. ಇದಕ್ಕಾಗಿ ಪುಡಿಯನ್ನು ಪರದೇಶದ ಯಂತ್ರಕ್ಕೆ ಕಳಿಸಿ ತಿಂಗಳುಗಟ್ಟಲೆ ಕಾಯಬೇಕಿತ್ತು. ಅಂಥ ಯಂತ್ರವನ್ನು ನಾವೇ ಒಂದು ಮೇಜಿನ ಮೇಲೆ ಕಟ್ಟಿದೆವು. ಹರಳು ಹಿಡಿಯುವ ತೋಳು ನಾನು ಕಡೆದದ್ದು.

ದಸರೆಗೆ ಎಲ್ಲ ಮಷಿನ್‌ಗಳಿಗೂ ಪೂಜೆ. ಮೇಡಮ್ಮೋರು ಊರಿಂದ ಕೆಮ್ಮಣ್ಣು ತಂದು ಹೊಸ ಯಂತ್ರದ ಮೇಜಿನ ಕಾಲಿಗೆ ತಾವೇ ಬಳಿದರು. ಮಾರನೇ ದಿನವೇ ದೊಡ್ಡ ಸಾಹೇಬರು ಯಂತ್ರದ ಪರೀಕ್ಷೆಗೆ ಬಂದಾಗ, ಪುಡಿಯಿಲ್ಲದ ಖಾಲಿ ತಟ್ಟೆ ಇಟ್ಟರೂ ಕಂಪ್ಯೂಟರ್ ಪರದೆಯ ಮೇಲೆ ಕಬ್ಬಿಣ ಇದೆಯೆಂಬ ಗೆರೆ ಎದ್ದು ನಿಂತಿತು. ಸಾಹೇಬರು ನಕ್ಕರು. ಇದನ್ನು ಸ್ಟೋರಿಗೆ ಹಾಕಿರಿ, ಪುಡಿ ಮೊದಲಿನಂತೆ ಪರದೇಶಕ್ಕೇ ಹೋಗಲಿ ಅಂದರು.

ಮೇಡಮ್ಮೋರ ಮುಖ ಬಾಡಿತು. ತಟ್ಟೆ ತೆಗೆಯಲು ಚಾಚಿದ ಕೈ ಅಲ್ಲೇ ನಿಂತಿತು. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪಿತ್ತು. ಪೂಜೆಯ ದಿನ ಕೈ ಒರೆಸಿದ ಬಟ್ಟೆಯಿಂದಲೇ ತಟ್ಟೆಯನ್ನೂ ಒರೆಸಿದ್ದರು.

"ಅಣ್ಣಾ, ಕೆಮ್ಮಣ್ಣಾಗ ಇರೂದು ಕಬ್ಬಿಣ ಅಲ್ಲೇನು? ಮಷಿನ್ ಸುಳ್ಳು ಹೇಳಿಲ್ಲ. ನಾನೇ ತಟ್ಟಿಗೂ ಹೊಸ್ತಿಲಕ್ಕ ಬಳದಂಗ ಬಳದೀನಿ."

"ಅಂದ್ರ ಮಷಿನ್ನಿಗೆ ಪೂಜಿ ಮುಟ್ಟೇತ್ರಿ ಮೇಡಮ್ಮೋರ," ಅಂದೆ.

ಹೊಸ ತಟ್ಟೆ ಇಟ್ಟಾಗ ಗೆರೆ ಮಲಗಿತು. ಪುಡಿ ಇಟ್ಟಾಗ ಸಣ್ಣಗೆ ಎದ್ದಿತು. ಗ್ಯಾಸು ಬಿಟ್ಟಾಗ ಅದರ ಮಗ್ಗುಲು ತುಸು ಬದಲಾಯಿತು, ಪುಡಿ ಕೆಲಸಕ್ಕಿಳಿದದ್ದು ಕಂಡಿತು. ಸಾಹೇಬರು ಕುರ್ಚಿ ಎಳೆದುಕೊಂಡು ಕೂತರು. ಯಂತ್ರ ಉಳಿಯಿತು.

ಮೇಡಮ್ಮೋರು ಉಳಿಯಲಿಲ್ಲ. ಕೆಲವೇ ವರ್ಷದಲ್ಲಿ ಜಡ್ಡು ಬಂದು ಒಯ್ದಿತು… ನಾನು ಮಕ್ತಲಕ್ಕೆ ಬಂದು ಸ್ವಂತ ಲೇತ್ ಹಾಕಿದೆ. ಆ ಯಂತ್ರದ ಕೆಲಸ ಈಗಲೂ ನನಗೇ ಬರುತ್ತದೆ. ಫೋನಿಗೆ ನಕ್ಷೆ ಕಳಿಸುತ್ತಾರೆ, ಅಳತೆಯೂ ಸರಿಯಿರುತ್ತದೆ. ಮೇಡಮ್ಮೋರಾದರೆ ಲೇತಿನ ಪಕ್ಕ ನಿಂತು, ಈ ತುಂಡಿನಿಂದ ಏನು ಕಾಣುತ್ತದೆಂದು ಹೇಳಿಯೇ ಹೋಗುತ್ತಿದ್ದರು. ಈಗ ಏನು ಕಾಣಲಿಕ್ಕೆಂದು ಗೊತ್ತಿಲ್ಲದೆ ಕಡೆದು, ಒರೆಸಿ, ಕಳಿಸುತ್ತೇನೆ.