ಬಾಲಚಂದ್ರರ ಸಣ್ಣ ತಿರುವು

ವಡೋದರಾದ ಅಲ್ಕಾಪುರಿಯ ವಿಮಾ ಕಚೇರಿಗೆ ಸೇರಿದ ಹೊಸತರಲ್ಲೇ ಸುಮುಖ್ ಪೇಢಾ ಹಂಚಿ ಹೆಸರು ಕೆಡಿಸಿಕೊಂಡಿದ್ದ. ಅವನ ಮೇಲಧಿಕಾರಿ ಬಾಲಚಂದ್ರ ಬೆಳಿಗ್ಗೆ ಬೆನ್ನು ತಟ್ಟಿ, "ನಮ್ಮ ಸೆಕ್ಷನ್ ಮಹತ್ವದ ತಿರುವಿಗೆ ಬಂದು ನಿಂತಿದೆ ಕಣಯ್ಯಾ," ಎಂದಿದ್ದರು. ತಿರುವು ಎಂದರೆ ಬಡ್ತಿಯೇ ಇರಬೇಕೆಂದು ಲೆಕ್ಕ ಹಾಕಿದ ಹುಡುಗ, ಊಟದ ಬಿಡುವಿನಲ್ಲಿ ಡಬ್ಬಿ ಹಿಡಿದು ಮೇಜಿನಿಂದ ಮೇಜಿಗೆ ನಡೆದ. ಸೆಕ್ಷನ್ ಮುಚ್ಚುತ್ತಿದೆ ಎಂಬ ಸುದ್ದಿ ಅವನೊಬ್ಬನನ್ನು ಬಿಟ್ಟು ಎಲ್ಲರಿಗೂ ತಲುಪಿತ್ತು. ಪಾಪ, ಅವರೆಲ್ಲ ಮಾತಾಡದೆ ತಿಂದರು. ಇದು ಕರ್ನಾಟಕದ ಕಡೆಯ ಸಂತಾಪದ ಪದ್ಧತಿಯೇನೋ ಎಂದುಕೊಂಡ ಒಬ್ಬರು ಎರಡನೆಯದಕ್ಕೂ ಕೈ ಹಾಕಿದರು.

ಅಂದಿನಿಂದ ಸುಮುಖ್ ಬಾಲಚಂದ್ರರ ಭಾಷೆಯನ್ನು ಶ್ರದ್ಧೆಯಿಂದ ಕಲಿತ. ಕಚೇರಿಯಲ್ಲಿ ಅವನಿಗೆ ಮಾಡಲು ಬೇರೆ ಘನಂದಾರಿ ಕೆಲಸವೇನೂ ಇರಲಿಲ್ಲ ಎನ್ನುವುದೂ ನಿಜ.

ಬಾಲಚಂದ್ರರದು ದಾವಣಗೆರೆ. ವರ್ಗವಾಗಿ ವಡೋದರಾಕ್ಕೆ ಬಂದವರು ಇಲ್ಲೇ ನೆಲೆ ನಿಂತಿದ್ದರು. ಅವರ ಬಾಯಲ್ಲಿ ಸೋಲು, ತಪ್ಪು, ಹಿನ್ನಡೆ ಎಂಬ ಮಾತುಗಳಿಗೆ ಪ್ರವೇಶವಿರಲಿಲ್ಲ. ಸ್ಕೂಟರಿನಿಂದ ಬಿದ್ದು ಮೊಣಕಾಲು ತರಚಿದರೆ ಅದು 'ಪಥ ಬದಲಾವಣೆ'. ಮ್ಯಾನೇಜರ್ ಕುರ್ಚಿಯಿಂದ ಇಳಿಸಿ ಮೂಲೆಯ ಮೇಜಿಗೆ ಕೂರಿಸಿದ್ದು 'ಬುಡದಿಂದ ಮತ್ತೊಮ್ಮೆ ನೋಡುವ ಅವಕಾಶ'. ಕನ್ನಡ ಸಂಘದ ನಾಟಕ ಅರ್ಧಕ್ಕೆ ನಿಂತಾಗ ಮೈಕ್ ಹಿಡಿದು 'ದೀರ್ಘ ಮಧ್ಯಂತರ' ಎಂದು ಘೋಷಿಸಿದ್ದರು. ಒಲೆಯ ಮೇಲೆ ಹಾಲು ಒಡೆದರೆ, "ಅದು ಬೇರೆ ದಾರಿ ಹಿಡೀತು, ತುಂಗಾ," ಎಂದು ಹೆಂಡತಿಯನ್ನು ಸಮಾಧಾನಪಡಿಸುತ್ತಿದ್ದರಂತೆ. "ಒಡೀತು ಅಂದ್ರೆ ಪನೀರಾದ್ರೂ ಮಾಡ್ತೀನಿ. ಬೇರೆ ದಾರಿ ಹಿಡೀತು ಅಂದ್ರೆ ಎಲ್ಲಿ ಅಂತ ಹುಡುಕ್ಲಿ?" ಎನ್ನುತ್ತಿದ್ದರಂತೆ ತುಂಗಾ.

ಈ ವರ್ಷ ಗುಜರಾತಿನ ಮೂರು ಊರುಗಳ ಕನ್ನಡಿಗರ ಸಮಾವೇಶ ಸೂರತ್‌ನಲ್ಲಿತ್ತು. ಬಾಲಚಂದ್ರರ ಮಗಳು ಕೃಪಾ ಅಲ್ಲಿ ಕನ್ನಡದಲ್ಲಿ ಭಾಷಣ ಮಾಡುವವಳಿದ್ದಳು. ಹುಟ್ಟಿ ಬೆಳೆದದ್ದೆಲ್ಲ ವಡೋದರಾದಲ್ಲೇ ಆದ ಹುಡುಗಿಗೆ ಗುಜರಾತಿ ನೀರು ಕುಡಿದಷ್ಟು ಸಲೀಸು, ಕನ್ನಡ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತಿತ್ತು. ಅಮ್ಮನ ಜೊತೆ ಹಿಂದಿನ ದಿನವೇ ಹೊರಡಲಿದ್ದವಳು ವಾರ ಮೊದಲೇ ಅಪ್ಪನಿಂದ ಒಂದು ಮಾತು ಪಡೆದಿದ್ದಳು: "ಪಪ್ಪಾ, ನೀವು ಫಸ್ಟ್ ರೋದಲ್ಲೇ ಕೂತ್ಕೋಬೇಕು. ವರ್ಡ್ ಮರೆತ್ರೆ ನಾನು ನಿಮ್ಮನ್ನ ನೋಡ್ತೀನಿ, ನೀವು ಬಾಯಿ ಆಡಿಸ್ಬೇಕು." ಬಾಲಚಂದ್ರ ಆ ಭಾಷಣವನ್ನು ಇಡೀ ವಾರ ಬಾಯಿಪಾಠ ಮಾಡಿದರು, ಕಚೇರಿಯ ಲಿಫ್ಟಿನಲ್ಲೂ.

ಭಾನುವಾರ ಬೆಳಿಗ್ಗೆ ಸಂಘದವರನ್ನು ತುಂಬಿಕೊಂಡ ಮಿನಿಬಸ್ಸು ಅಲ್ಕಾಪುರಿಯಿಂದ ಹೊರಟಿತು. ಚಾಲಕ ಪರೇಶ್‌ಭಾಯಿಯ ಪಕ್ಕ ಬಾಲಚಂದ್ರ, ಅವರ ಹಿಂದೆ ಸುಮುಖ್, ಕೊನೆಯ ಸೀಟಿನಲ್ಲಿ ಅವಲಕ್ಕಿ ಡಬ್ಬಿಯೊಂದಿಗೆ ಗೌರಮ್ಮ. ಹಳೆಯ ಹೆದ್ದಾರಿ ಬೇಡ, ಹೊಸ ಎಕ್ಸ್‌ಪ್ರೆಸ್‌ವೇಯಲ್ಲೇ ಹೋಗೋಣ ಎಂದು ಬಾಲಚಂದ್ರ ತೀರ್ಮಾನಿಸಿದ್ದರು. ಊರಾಚೆ ದಾರಿ ಕವಲೊಡೆದಲ್ಲಿ ಪರೇಶ್‌ಭಾಯಿ ಬಸ್ಸು ನಿಧಾನಿಸಿ, "ಸಾಹೇಬ್, ಸೀಧಾ?" ಎಂದ. ಮನಸ್ಸಿನಲ್ಲೇ ಭಾಷಣ ಒಪ್ಪಿಸುತ್ತಿದ್ದ ಬಾಲಚಂದ್ರ, "ಸೀಧಾ, ಸೀಧಾ," ಎಂದು ಕೈ ಬೀಸಿದರು. ದಿನವೂ ಅಹಮದಾಬಾದಿಗೆ ಬಸ್ಸು ಓಡಿಸಿ ಅಭ್ಯಾಸವಾದ ಪರೇಶ್‌ಭಾಯಿ ಸಂತೋಷದಿಂದ ಸೀಧಾ ಹೋದ.

ವಡೋದರಾದಿಂದ ಸೂರತ್ ದಕ್ಷಿಣಕ್ಕೆ, ಅಹಮದಾಬಾದ್ ಉತ್ತರಕ್ಕೆ. ಬಸ್ಸಿನಲ್ಲಿ ಅಂತ್ಯಾಕ್ಷರಿ ಶುರುವಾಯಿತು.

"ಸರ್, ಬೋರ್ಡಲ್ಲಿ ಆನಂದ್ ಅಂತಿದೆ," ಎಂದ ಸುಮುಖ್ ಮೆಲ್ಲಗೆ.

ಆನಂದ್ ಅಹಮದಾಬಾದಿನ ದಾರಿಯ ಊರು. ಬಾಲಚಂದ್ರ ಬೋರ್ಡು ನೋಡಿದರು. ಕಿವಿಯ ತುದಿ ಕೆಂಪಾಯಿತು. "ಇರ್ಲಿ ಬಿಡು, ಸಣ್ಣ ಬಳಸು."

"ಬೆಳಗಿನ ಸೂರ್ಯ ಎಡಗಡೆ ಇರ್ಬೇಕಿತ್ತಲ್ವೇನ್ರೀ?" ಗೌರಮ್ಮ ಹಿಂದಿನಿಂದ ಕೂಗಿದರು. "ನನ್ನ ಬಲಗೆನ್ನೆ ಸುಡ್ತಿದೆ."

"ರಸ್ತೆ ಸ್ವಲ್ಪ ಹೊರಳಿದೆ, ಗೌರಮ್ಮನೋರೇ. ಪರದೆ ಎಳ್ಕೊಳ್ಳಿ."

ಗೌರಮ್ಮ ಪರದೆ ಎಳೆದುಕೊಂಡರು. ಆನಂದ್‌ನಲ್ಲಿ ಎಕ್ಸ್‌ಪ್ರೆಸ್‌ವೇ ಇಳಿದು ಹಿಂದಿರುಗಬಹುದಾದ ದಾರಿ ಬಂತು, ಹೋಯಿತು. ಸುಮುಖ್ ಬಾಯಿ ತೆರೆದ, ಮುಂದಿನ ತಿಂಗಳ ಸಂಬಳ ಪರಿಷ್ಕರಣೆ ನೆನಪಾಗಿ ಆಕಳಿಸಿ ಮುಚ್ಚಿದ. ನಡಿಯಾದ್ ಕೂಡ ಹಾಗೆಯೇ ಸರಿಯಿತು. ಅಷ್ಟರಲ್ಲಿ ತುಂಗಾ ಫೋನು ಮಾಡಿದರು.

"ಎಲ್ಲಿದ್ದೀರಿ?"

"ದಾರೀಲಿ. ಒಂದು ಸಣ್ಣ ತಿರುವು."

"ಮಗಳ ಸರದಿ ಇನ್ನೇನು ಬಂತು ಅಂತಿದಾರೆ."

"ಬಂದ್ವಿ ಬಂದ್ವಿ," ಎಂದರು ಬಾಲಚಂದ್ರ. ಬಸ್ಸು ಅಹಮದಾಬಾದನ್ನು ಪ್ರವೇಶಿಸುತ್ತಿತ್ತು.

ಇಡೀ ಬಸ್ಸಿಗೆ ಕಣ್ಣಿತ್ತು, ಅಕ್ಷರವಿತ್ತು. ಆದರೂ ಒಬ್ಬರೂ ಬಾಯಿ ಬಿಡಲಿಲ್ಲ. ಪರವೂರಿನಲ್ಲಿ ಸಂಘ ಕಟ್ಟಿದ ಹಿರಿಯರ ಮಾತಿಗೆ ಎದುರಾಡಬಾರದೆಂಬ ದಾಕ್ಷಿಣ್ಯದಲ್ಲಿ ಅವರೆಲ್ಲ ಸೂರತ್ತೇ ಉತ್ತರಕ್ಕೆ ಬಂದಿರಬಹುದೆಂದು ಒಪ್ಪಿಕೊಂಡಂತಿತ್ತು. ಗೌರಮ್ಮನವರಿಗೆ ಇಳಿಯಲೇಬೇಕಾದ್ದರಿಂದ ಅಹಮದಾಬಾದಿನ ವಸ್ತ್ರಾಪುರ ಕೆರೆಯ ಬಳಿ ಬಸ್ಸು ನಿಂತಿತು. ಎಲ್ಲರೂ ಇಳಿದು ಅವಲಕ್ಕಿ ತಿಂದರು. "ಸಮಾವೇಶದ ಪೂರ್ವಭಾವಿ ವಿಹಾರ," ಎಂದರು ಬಾಲಚಂದ್ರ. ಕೆರೆಗೆ ಬೆನ್ನು ಮಾಡಿ ಗುಂಪು ಫೋಟೋ ತೆಗೆಸಿಕೊಂಡಾಗ ನಡುವೆ ನಿಂತ ಅವರ ತುಟಿಗಳು ಮಾತ್ರ ಅಲುಗುತ್ತಿದ್ದವು. ಭಾಷಣದ ಎರಡನೆಯ ಪ್ಯಾರಾ ಎಂದು ಸುಮುಖ್ ಗುರುತು ಹಿಡಿದ.

ಆಮೇಲೆ ಪರೇಶ್‌ಭಾಯಿಯೇ, ಯಾರನ್ನೂ ಕೇಳದೆ, ಬಸ್ಸು ತಿರುಗಿಸಿದ. ವಡೋದರಾ ಮತ್ತೆ ಬಂದಾಗ ಯಾರೂ ಅದನ್ನು ಗುರುತಿಸಿದಂತೆ ತೋರಿಸಿಕೊಳ್ಳಲಿಲ್ಲ. ಒಬ್ಬರು ಮಾತ್ರ, "ನಮ್ಮೂರಿನ ಹಾಗೇ ಇದೆ," ಎಂದರು.

ಸೂರತ್ ತಲುಪಿದಾಗ ಸಭಾಂಗಣದಲ್ಲಿ ಕುರ್ಚಿಗಳನ್ನು ಒಂದರ ಮೇಲೊಂದು ಪೇರಿಸುತ್ತಿದ್ದರು. ಕೃಪಾ ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕುಳಿತಿದ್ದಳು. ನಡುವೆ ಮಾತು ಮರೆತು, ಮುಂದಿನ ಸಾಲಿನ ಖಾಲಿ ಕುರ್ಚಿಯನ್ನೇ ನೋಡುತ್ತ ನಿಂತುಬಿಟ್ಟಳಂತೆ. ಕೊನೆಗೆ ಜನ ಚಪ್ಪಾಳೆ ತಟ್ಟಿ ಇಳಿಸಿದರಂತೆ. ತುಂಗಾ ಇಷ್ಟನ್ನು ಹೇಳಿ ಗಂಡನ ಕಡೆ ತಿರುಗಿಯೂ ನೋಡಲಿಲ್ಲ.

"ಪಪ್ಪಾ," ಎಂದಳು ಕೃಪಾ, "ಸಂಘದ ಗ್ರೂಪಲ್ಲಿ ಆ ಕೆರೆ ಫೋಟೋ ನೋಡ್ದೆ. ರಾಂಗ್ ರೂಟ್ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

ಬಸ್ಸಿನವರೆಲ್ಲ ಚಪ್ಪಲಿ ನೋಡಿಕೊಂಡರು. ಸುಮುಖ್‌ಗೆ ತಡೆಯಲಾಗಲಿಲ್ಲ. "ಅದು ಹಾಗಲ್ಲ ಕೃಪಾ, ಎಕ್ಸ್‌ಪ್ರೆಸ್‌ವೇಲಿ ಒಂದು ಸಣ್ಣ..."

ಬಾಲಚಂದ್ರ ಅವನ ಭುಜದ ಮೇಲೆ ಕೈಯಿಟ್ಟು ಸುಮ್ಮನಾಗಿಸಿದರು.

"ಆನಂದ್‌ನಲ್ಲೇ ಗೊತ್ತಾಯ್ತಮ್ಮ. ಇಷ್ಟು ಜನರ ಮುಂದೆ ತಪ್ಪಾಯ್ತು ಅನ್ನೋಕೆ ನಾಚಿಕೆ ಆಯ್ತು. ಅದಕ್ಕೇ ಸುಮ್ನಿದ್ದೆ."