ತಾವರಗೇರಾ ಬಸ್ಸಿನಲ್ಲಿ ಕರಗಿದ ಬರ್ಫ

ಎಂಬತ್ತರ ದಶಕದ ಆರಂಭ. ನಾನು ತಾವರಗೇರಾದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಧ್ರುವದ ಹಿಮವನ್ನು ಕಂಬದಂತೆ ಕೊರೆದು ತೆಗೆದು, ಹಳೆಯ ಕಾಲದ ಚಳಿ-ಸೆಕೆಯನ್ನು ಅಂದಾಜು ಮಾಡುತ್ತಾರೆಂದು ಪತ್ರಿಕೆಯೊಂದರಲ್ಲಿ ಓದಿದ್ದೇ ತಡ, ಅದನ್ನು ಮಕ್ಕಳಿಗೆ ತೋರಿಸುವ ಹುಚ್ಚು ಹತ್ತಿತು. ತವರೂರು ಗಂಗಾವತಿಗೆ ಹೋದಾಗ ಬರ್ಫದ, ಅಂದರೆ ಮಂಜುಗಡ್ಡೆಯ, ಕಾರ್ಖಾನೆಯವರನ್ನು ಕಾಡಿಬೇಡಿ, ಉದ್ದನೆಯ ಡಬ್ಬಿಯಲ್ಲಿ ಪದರು ಪದರಾಗಿ ಬಣ್ಣದ ನೀರು ಹೆಪ್ಪುಗಟ್ಟಿಸಿದೆ. ಚಳಿಯ ವರ್ಷಕ್ಕೆ ನೀಲಿ, ಸೆಕೆಯ ವರ್ಷಕ್ಕೆ ಕೆಂಪು. ಆ ಗಡ್ಡೆಯನ್ನು ಅಕ್ಕಿ ಗಿರಣಿಯ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲ ಸುತ್ತಿ ಬಸ್ಸು ಹತ್ತಿದೆ.

ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ಬಿಸಿಲಿಗೆ ತಗಡು ಕಾದು ಒಲೆಯಾಗಿತ್ತು. ಸೀಟಿನ ಕೆಳಗೆ ನನ್ನ ಚೀಲಕ್ಕೆ ಒತ್ತಿ ಒಬ್ಬ ಹಿರಿಯ ಹೆಂಗಸಿನ ಬಟ್ಟೆಗಂಟಿತ್ತು. ಅದರಲ್ಲಿ ಹೊಸ ಅಳಿಯನಿಗೆ ಒಯ್ಯುತ್ತಿದ್ದ ಬಿಳಿ ಧೋತರವಿತ್ತೆಂದು ತಿಳಿದದ್ದು, ತಾವರಗೇರಾದಲ್ಲಿ ಇಳಿದು ಆಕೆ ಗಂಟು ಬಿಚ್ಚಿದಾಗ. ಧೋತರದ ತುಂಬ ಕೆಂಪು, ನೀಲಿ, ಎರಡೂ ಕೂಡಿದ ನೇರಳೆ. ಜನ ನನ್ನ ತೊಟ್ಟಿಕ್ಕುವ ಚೀಲವನ್ನೇ ನೋಡುತ್ತಿದ್ದರು. ಆಕೆ ಬೈಯಲಿಲ್ಲ.

"ಅಳಿಯಾ ಮೊದಲನೇ ಸಲ ಉಡಾಂವ ಇದ್ದ ನೋಡ್ರಿ," ಎಂದಳು ಅಷ್ಟೆ.

ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಆಕೆಯೊಬ್ಬಳನ್ನೇ ಕಳಿಸಲು ಮನಸ್ಸಾಗದೆ ಮಗಳ ಮನೆತನಕ ಜೊತೆಗೆ ಹೋದೆ. ಅಳಿಯ ನಡೆದದ್ದನ್ನು ಕೇಳಿ, ಧೋತರ ಬಿಡಿಸಿ ನೋಡಿ, ಬರ್ಫಕ್ಕೆ ಬಣ್ಣ ಯಾಕೆ ಹಾಕಿದಿರಿ ಎಂದು ಕೇಳಿದ. ಹೊಸ್ತಿಲಲ್ಲೇ ನಿಂತು ತೊದಲುತ್ತ ಹೇಳಿದೆ: ನೀರಿನೊಳಗಿನ ಆಮ್ಲಜನಕದಲ್ಲಿ ಹಗುರಾದದ್ದೂ ಉಂಟು, ತುಸು ಭಾರದ್ದೂ ಉಂಟು. ಮೋಡ ಧ್ರುವದ ಕಡೆ ಸಾಗುವಾಗ ಭಾರದ್ದು ದಾರಿಯಲ್ಲೇ ಹೆಚ್ಚಾಗಿ ಉದುರುತ್ತದೆ. ಚಳಿ ಹೆಚ್ಚಿದ ಕಾಲದಲ್ಲಿ ಇನ್ನಷ್ಟು ಉದುರಿ, ಧ್ರುವದ ಹಿಮಕ್ಕೆ ಸೇರುವುದು ಕಡಿಮೆ. ಪದರು ಪದರಾಗಿ ಅದನ್ನು ಅಳೆದರೆ ಆಗ ಎಷ್ಟು ಚಳಿಯಿತ್ತೆಂದು ಅಂದಾಜು ಸಿಗುತ್ತದೆ. ನಿಜವಾದ ಹಿಮಕ್ಕೆ ಇಂಥ ಬಣ್ಣವಿಲ್ಲ. ಮಕ್ಕಳಿಗೆ ತಿಳಿಯಲೆಂದು ನಾನೇ ಹಾಕಿದ್ದು.

"ಹಂಗಾರ ಈ ಧೋತರ ನೋಡಿ ಹೇಳ್ರಿ ಅಕ್ಕಾರ, ಯಾವ ವರ್ಷ ಸೆಕಿ ಭಾಳ ಇತ್ತು?"

ಒಳಗಿದ್ದ ಹೆಂಗಸರು ನಕ್ಕರು. ಅವನು ಅಣಕಿಸಿದನೋ, ನಿಜಕ್ಕೂ ಕೇಳಿದನೋ ಗೊತ್ತಾಗಲಿಲ್ಲ.

"ಕರಗಿ ಕೂಡಿದ ಮ್ಯಾಲೆ ಏನೂ ತಿಳಿಯಂಗಿಲ್ರಿ," ಎಂದೆ.

ಆ ಹಿರಿಯಾಕೆ ಮಗಳಿಗೆ ಹೇಳಿ ನನಗೆ ಚಹಾ ಮಾಡಿಸಿದಳು. ಅದನ್ನು ಕುಡಿಯುವುದು ಬೈಗುಳ ತಿನ್ನುವುದಕ್ಕಿಂತ ಕಷ್ಟವಾಯಿತು.

ಮರುದಿನ ಬೋರ್ಡಿನ ಮೇಲೆ ಹಿಮದ ಕಂಬ ಬರೆದು ಪಾಠ ಮಾಡಿದೆ. ಅಷ್ಟರಲ್ಲಿ ಊರಿಗೆಲ್ಲ ಸುದ್ದಿ ಹಬ್ಬಿತ್ತು. ಮಕ್ಕಳು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು. ಪಾಠ ಮಾತ್ರ ಅವರಿಗೆ ಚೆನ್ನಾಗಿ ನೆನಪುಳಿಯಿತು. ನನಗೆ ಬೇರೆ ಊರಿಗೆ ವರ್ಗವಾಗುವ ತನಕ ಆ ಅಳಿಯನ ಮನೆಯ ಓಣಿ ಬಿಟ್ಟು, ಸುತ್ತುಹಾಕಿ ಶಾಲೆಗೆ ಹೋಗುತ್ತಿದ್ದೆ.